ನಾಗಂದಿಗೆಯ ಮೇಲಿನ ಭರಣಿ: ತದಡಿಗೆ ಬಂದಿಳಿದ ಪಿಂಗಾಣಿಯ ಕಥೆ

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ವಾಟ್ಸಾಪ್ ಫೋಟೋದಿಂದ.

ತದಡಿಯಲ್ಲಿರೋ ನಮ್ಮತ್ತೆ ಕಳಿಸಿದ ಫೋಟೋ. ಅದರಲ್ಲಿ ಮೂರು ಭರಣಿ. ಎರಡು ಚಿಕ್ಕವು, ಬಿಳಿ ಮೈ, ಕಂದು ಕುತ್ತಿಗೆ, ಎಲ್ಲರ ಮನೆ ಅಡುಗೆಕೋಣೆಯಲ್ಲೂ ಇರ್ತಾವಲ್ಲ, ಅಂಥವು. ಮೂರನೆಯದು ಮಾತ್ರ ದೊಡ್ಡದು. ನಾವು ಚಿಕ್ಕವರಿದ್ದಾಗ ಅದರೊಳಗೆ ಕೂತು ಅಡಗಿಕೊಳ್ಳಬಹುದು ಅಂತ ಅಂದುಕೊಂಡಿದ್ದೆವು, ಅಷ್ಟು ದೊಡ್ಡದು. ಕಪ್ಪುಗಂದು ಬಣ್ಣ, ಹೆಗಲ ಮೇಲೆ ನಾಲ್ಕು ಪುಟ್ಟ ಕಿವಿ, ಅದರಲ್ಲಿ ಒಂದು ಮುರಿದಿದೆ. ಫೋಟೋ ಕೆಳಗೆ ಮೆಸೇಜು: "ಹಳೇ ಸಾಮಾನು ತಗೊಳ್ಳುವವ ಬಂದಿದ್ದಾನೆ. ಮೂರಕ್ಕೂ ಸೇರಿಸಿ ಎರಡು ಸಾವಿರ ಕೊಡ್ತಾನಂತೆ. ಅಜ್ಜಿಯ ಬೆಳ್ಳಿ ಕವಳದ ಬಟ್ಟಲನ್ನೂ ಕೇಳ್ತಾ ಇದ್ದಾನೆ. ಕೊಡ್ಲಾ?"

ನಾನು ಆಗ ಬೆಂಗಳೂರಿನಲ್ಲಿ ಒಂದು ಮೀಟಿಂಗ್‌ನಲ್ಲಿದ್ದೆ. ಮೆಸೇಜು ನೋಡಿದ್ದು ಎರಡು ಗಂಟೆ ಬಿಟ್ಟು. ಆ ಎರಡು ಗಂಟೆಯಲ್ಲಿ ಏನಾಯ್ತು ಅಂತ ಕೊನೆಗೆ ಹೇಳ್ತೀನಿ. ಅದಕ್ಕೂ ಮೊದಲು, ಆ ಭರಣಿ ತದಡಿಯಂಥ ಊರಿನಲ್ಲಿ ಯಾಕೆ ಇದೆ ಅನ್ನೋ ಪ್ರಶ್ನೆ.

ಗೋಕರ್ಣಕ್ಕೆ ನಿಮ್ಮಲ್ಲಿ ಬಹಳ ಜನ ಹೋಗಿರ್ತೀರಿ. ಓಂ ಬೀಚ್ ನೋಡಿ ವಾಪಸ್ ಬಂದಿರ್ತೀರಿ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಅಘನಾಶಿನಿ ನದಿ ಸಮುದ್ರ ಸೇರೋ ಜಾಗ ಸಿಗುತ್ತೆ. ಉತ್ತರದ ದಡದಲ್ಲಿ ತದಡಿ, ದಕ್ಷಿಣದ ದಡದಲ್ಲಿ ಅಘನಾಶಿನಿ ಅನ್ನೋ ಊರು. ನದಿಗೆ ಬ್ರಿಟಿಷರ ದಾಖಲೆಗಳಲ್ಲಿ ಊರಿನದೇ ಹೆಸರು, 'ತದ್ರಿ ನದಿ' ಅಂತ. ಶಿರಸಿಯಲ್ಲಿ ಹುಟ್ಟಿ ಇಲ್ಲಿವರೆಗೆ ಒಂದೂ ಅಣೆಕಟ್ಟಿಲ್ಲದೆ ಹರಿದು ಬರೋ ನದಿ ಇದು. ಸುದ್ದಿಯಲ್ಲಿ ತದಡಿ ಬರೋದು ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ, ದೊಡ್ಡ ಬಂದರಿನ ಪ್ರಸ್ತಾಪ, ಅದಕ್ಕೆ ಬಂದ ವಿರೋಧ, 2024ರಲ್ಲಿ ಅಳಿವೆಗೆ ಸಿಕ್ಕ ರಾಮ್ಸರ್ ಮಾನ್ಯತೆ, ಇಷ್ಟಕ್ಕೇ. ಈಗ ಅದು ಮೀನುಗಾರಿಕೆ ಬಂದರು. ಆದರೆ ಹಿಂದೆ ಈ ನದಿಬಾಯಿ ಮೇಲಿನ ಸೀಮೆಯ ಕಾಳುಮೆಣಸಿಗೆ ಬಾಗಿಲಾಗಿತ್ತು. ಬಾಗಿಲಿಗೆ ಕಾವಲು ಎಲ್ಲಿತ್ತು ಅಂದರೆ, ಒಳಗೆ, ಮಿರ್ಜಾನದಲ್ಲಿ.

ಮಿರ್ಜಾನ ಕೋಟೆ ಕುಮಟಾ ದಾಟಿ ಗೋಕರ್ಣದ ಕಡೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲೇ ಇದೆ. ಮಳೆಗಾಲದಲ್ಲಿ ಹಸಿರು ಪಾಚಿ ಹೊದ್ದುಕೊಂಡ ಕೆಂಪು ಕಲ್ಲಿನ ಗೋಡೆಗಳು, ರೀಲ್ಸ್‌ನಲ್ಲಿ ನೋಡೇ ಇರ್ತೀರಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅಂದರೆ 54 ವರ್ಷ, ಈ ಸೀಮೆಯನ್ನು ಆಳಿದಳು. ಪೋರ್ಚುಗೀಸರು ಆಕೆಯನ್ನು ಕರೆದಿದ್ದು 'ಕಾಳುಮೆಣಸಿನ ರಾಣಿ' ಅಂತ. 2000–01ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಈ ಕೋಟೆಯಲ್ಲಿ ಅಗೆದಾಗ ಫಿರಂಗಿ ಗುಂಡು ಸಿಕ್ಕವು, ಕಬ್ಬಿಣದ ಗುಂಡು ಸಿಕ್ಕವು, ಪೋರ್ಚುಗೀಸ್ ವೈಸರಾಯ್ ಹೆಸರಿನ ಒಂದು ಚಿನ್ನದ ನಾಣ್ಯ ಸಿಕ್ಕಿತು. ಪೇಪರ್‌ನವರು ಚಿನ್ನದ ನಾಣ್ಯದ ಬಗ್ಗೆ ಬರೆದರು, ಬರೀಲೇಬೇಕು. ಆದರೆ ಅದರ ಜೊತೆ ಇನ್ನೊಂದು ವಸ್ತು ಸಿಕ್ಕಿತ್ತು. ಚೀನಾದ ಪಿಂಗಾಣಿ ಚೂರುಗಳು.

ನನ್ನ ಮಟ್ಟಿಗೆ ಈ ಚೂರುಗಳೇ ದೊಡ್ಡ ಸುದ್ದಿ. ಕಾಳುಮೆಣಸು ಹಡಗು ಹತ್ತಿ ಹೋಯ್ತು, ಯಾರೋ ತಿಂದರು, ಮುಗೀತು. ಕೊಟ್ಟಿದ್ದಕ್ಕೆ ಇಲ್ಲಿಗೆ ಏನು ಬಂತು ಅನ್ನೋದಕ್ಕೆ ರಸೀದಿ ಅಂತ ಉಳಿದಿದ್ದರೆ ಅದು ಈ ಚೂರು. ಹಂಪಿಯಲ್ಲೂ ಇಂಥ ಚೂರು ಸಿಕ್ಕಿವೆ. ತಮಿಳು ಶಾಸನಗಳ ಮೇಲೆ ಜೀವನವಿಡೀ ಕೆಲಸ ಮಾಡಿದ ಜಪಾನಿನ ಇತಿಹಾಸಕಾರ ನೊಬೊರು ಕರಶಿಮಾ ಮತ್ತು ಜೊತೆಗಾರರು ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಬರೀ ಚೀನೀ ಪಿಂಗಾಣಿ ಚೂರು ಹುಡುಕುತ್ತಾ ತಿರುಗಿ, 2004ರಲ್ಲಿ ಒಂದು ಪುಸ್ತಕವನ್ನೇ ತಂದರು. ಬಂಗಾರ ಬಿಟ್ಟು ಒಡೆದ ತಟ್ಟೆ ಹುಡುಕೋದು ಯಾಕೆ ಅಂದರೆ, ಒಡೆದ ತಟ್ಟೆಯನ್ನು ಯಾರೂ ಕದಿಯೋದಿಲ್ಲ. ಬಿದ್ದಲ್ಲೇ ಇರುತ್ತೆ.

ಸರಿ, ಈಗ ಒಂದು ಊಟದ ಕಥೆ.

1340ರ ದಶಕದಲ್ಲಿ ಮೊರಾಕ್ಕೋದ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ತದಡಿಯಿಂದ ಹೊನ್ನಾವರ ಒಂದೇ ಕರಾವಳಿ, ಒಂದೇ ಅಡುಗೆ, ಅದಕ್ಕೇ ಈ ಕಥೆ ಇಲ್ಲಿ ಬೇಕು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿವೆ ಅಂತ ಬರೆದವನು ಇವನೇ. ಅವತ್ತಿನ ಹೊನ್ನಾವರದ ದೊರೆ ಜಮಾಲುದ್ದೀನ್‌ನ ಮನೆಯಲ್ಲಿ ಅವನಿಗೆ ಊಟ ಆಯ್ತು. ಆ ಊಟವನ್ನು ಇವತ್ತಿನ ಫುಡ್ ವ್ಲಾಗರ್‌ಗಳಿಗಿಂತ ಚೆನ್ನಾಗಿ ವರ್ಣಿಸಿದ್ದಾನೆ. ತಾಮ್ರದ ಮೇಜು. ಅದರ ಮೇಲೆ ತಾಮ್ರದ ದೊಡ್ಡ ತಟ್ಟೆ, ಅದಕ್ಕೆ ಇಲ್ಲಿನವರು 'ತಾಲಮ್' ಅಂತಾರೆ ಅಂತ ಹೆಸರೂ ಕೊಟ್ಟಿದ್ದಾನೆ. ರೇಷ್ಮೆ ಉಟ್ಟ ಹೆಂಗಸು ತಾಮ್ರದ ಸೌಟಿನಲ್ಲಿ ಅನ್ನ ಬಡಿಸ್ತಾಳೆ, ತುಪ್ಪ ಹಾಕ್ತಾಳೆ, ಪಕ್ಕದಲ್ಲಿ ಉಪ್ಪಿನಕಾಯಿ. ಗೊಂಚಲು ಗೊಂಚಲು ಹಸಿ ಕಾಳುಮೆಣಸಿನದು, ಹಸಿ ಶುಂಠಿಯದು, ನಿಂಬೆಯದು, ಮಾವಿನದು. ಆಮೇಲೆ ಕೋಳಿ, ಮೀನು, ತರಕಾರಿ, ಒಂದೊಂದಕ್ಕೂ ಮತ್ತೆ ಅನ್ನ. ಕೊನೆಗೆ ಮೊಸರು. ಮೊಸರು ಬಂತು ಅಂದರೆ ಇನ್ನೇನೂ ಬರೋದಿಲ್ಲ, ಊಟ ಮುಗೀತು ಅಂತ ತಿಳ್ಕೋಬೇಕು ಅಂತ ಬರೀತಾನೆ. ಸುಮಾರು 700 ವರ್ಷ ಆಯ್ತು. ಇವತ್ತಿಗೂ ಹಾಗೇ ಅಲ್ವಾ?

ಇಲ್ಲಿ ಎಲ್ಲಾ ಪಾತ್ರೆ ತಾಮ್ರದ್ದು. ಪಿಂಗಾಣಿ ಮಾತಿಲ್ಲ. ಸ್ವಲ್ಪ ತಾಳಿ.

ಅದೇ ಇಬ್ನ್ ಬತೂತ ಮುಂದೆ ಚೀನಾದ ಕಡೆ ಹೋಗುವಾಗ ತವಾಲಿಸಿ ಅನ್ನೋ ರಾಜ್ಯ ಮುಟ್ಟುತ್ತಾನೆ. ಅದು ಎಲ್ಲಿತ್ತು ಅಂತ ಪಂಡಿತರು ಇನ್ನೂ ಜಗಳ ಆಡ್ತಾರೆ. ಅಲ್ಲಿನ ರಾಜಕುಮಾರಿ ಉರ್ದುಜಾ ಅವನಿಗೆ ಉಡುಗೊರೆ ಕೊಡ್ತಾಳೆ. ಬಟ್ಟೆ, ಅಕ್ಕಿ, ಜೊತೆಗೆ ನಾಲ್ಕು 'ಮರ್ತಬಾನ್'. ಅಂದರೆ ದೊಡ್ಡ ಜಾಡಿಗಳು. ಅದರಲ್ಲಿ ತುಂಬಿದ್ದು ಏನು ಗೊತ್ತಾ? ಶುಂಠಿ, ಕಾಳುಮೆಣಸು, ನಿಂಬೆ, ಮಾವು. ಸಮುದ್ರಯಾನಕ್ಕೆ ಅಂತ ಉಪ್ಪು ಹಾಕಿದ್ದು. ಹೊನ್ನಾವರದ ತಟ್ಟೆಯಲ್ಲಿ ಅವನು ಕಂಡ ಅದೇ ನಾಲ್ಕು.

ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಉಪ್ಪಿನಕಾಯಿ ಅಂದರೆ ನಮಗೆ ಮನೆ, ಅಜ್ಜಿ, ಬೇಸಿಗೆ ರಜೆ. ಸಮುದ್ರದ ಜನಕ್ಕೆ ಅದು ಹಡಗಿನ ಆಹಾರ. ತಿಂಗಳುಗಟ್ಟಲೆ ಒಣ ಅನ್ನದ ಜೊತೆ ನಾಲಿಗೆಗೆ ಏನಾದರೂ ಬೇಕಲ್ಲ. ಆ ಆಹಾರ ಪ್ರಯಾಣ ಮಾಡಬೇಕಾದರೆ ಒಂದು ಪಾತ್ರೆ ಬೇಕು. ತಾಮ್ರ ಆಗೋದಿಲ್ಲ, ಕಂಚು ಆಗೋದಿಲ್ಲ, ಉಪ್ಪು ಮತ್ತು ಹುಳಿ ಎರಡೂ ಸೇರಿದರೆ ಲೋಹವನ್ನು ತಿಂದುಹಾಕುತ್ತವೆ. ಕಲಾಯಿ ಹಾಕಿಸಿದರೂ ವರ್ಷಪೂರ್ತಿ ನಿಲ್ಲೋದಿಲ್ಲ. ಊರಿನ ಕುಂಬಾರನ ಮಡಕೆ ಜಿನುಗುತ್ತೆ. ಹೆಚ್ಚು ಬೆಂಕಿಯಲ್ಲಿ ಸುಟ್ಟು, ಗಾಜಿನಂಥ ಮೆರುಗು ಕೊಟ್ಟ ಮಣ್ಣಿನ ಪಾತ್ರೆಗೆ ಮಾತ್ರ ಈ ತಾಕತ್ತು. ಅಂಥ ಜಾಡಿಗಳು ಬರ್ಮಾದ ಮರ್ತಬಾನ್ ಬಂದರಿನಿಂದ, ಇವತ್ತಿನ ಮೊಟ್ಟಮದಿಂದ, ಹಡಗು ಹತ್ತುತ್ತಿದ್ದವು. ಆಮೇಲೆ ದಕ್ಷಿಣ ಚೀನಾದ್ದೋ ಸಯಾಮಿನದ್ದೋ ಬರ್ಮಾದ್ದೋ, ಎಲ್ಲಾ ದೊಡ್ಡ ಜಾಡಿಗೂ ಬಂದರಿನ ಹೆಸರೇ ಅಂಟಿತು. ಹಿಂದಿಯಲ್ಲಿ ಈಗಲೂ ಉಪ್ಪಿನಕಾಯಿ ಜಾಡಿಗೆ ಮರ್ತಬಾನ್ ಅಂತಲೇ ಅನ್ನೋದು. ಹೆಗಲ ಮೇಲಿನ ಆ ಪುಟ್ಟ ಕಿವಿಗಳು ಅಂದಕ್ಕಲ್ಲ. ಬಾಯಿಗೆ ಬಟ್ಟೆ ಮುಚ್ಚಿ ಹಗ್ಗ ಬಿಗಿಯೋದಕ್ಕೆ.

ಈಗ ತದಡಿಗೆ ವಾಪಸ್ ಬನ್ನಿ. ಅಲ್ಲೇ ಪಕ್ಕದಲ್ಲಿ ಸಾಣಿಕಟ್ಟಾ. ಗೋಕರ್ಣದ ದಾರಿಯಲ್ಲಿ ಉಪ್ಪಿನ ಗದ್ದೆ ಕಾಣುತ್ತಲ್ಲ, ಅದೇ. ದಪ್ಪ ಹರಳಿನ ಉಪ್ಪು, ಉಪ್ಪಿನಕಾಯಿಗೆ ಅದೇ ಆಗಬೇಕು ಅಂತ ಹಟ ಹಿಡಿಯೋ ಹೆಂಗಸರು ನಮ್ಮ ಕಡೆ ಮನೆಮನೆಗೂ ಇದ್ದಾರೆ. ನದಿಯ ಮೇಲ್ಭಾಗಕ್ಕೆ ಹೋದರೆ ಹೊಳೆಸಾಲಿನಲ್ಲಿ ಅಪ್ಪೆಮಿಡಿಯ ಮರಗಳು. ಒಂದೊಂದು ಮರಕ್ಕೂ ಹೆಸರು, ಒಂದೊಂದು ಮಿಡಿಗೂ ಬೇರೆ ಪರಿಮಳ. ಘಟ್ಟದ ಮಿಡಿ, ಅಳಿವೆಯ ಉಪ್ಪು, ಎರಡನ್ನೂ ಕಾಪಾಡೋದಕ್ಕೆ ಸಮುದ್ರದಾಚೆಯ ಮಣ್ಣು. ಈ ಮೂರೂ ಒಟ್ಟಿಗೆ ಸಿಗೋ ಜಾಗ ಅಂದರೆ ನದಿಬಾಯಿ.

ತಮಾಷೆ ಏನು ಅಂದರೆ, ಇದೇ ಮನೆಗಳಲ್ಲಿ ಪಿಂಗಾಣಿ ತಟ್ಟೆಯಲ್ಲಿ ಊಟ ಮಾಡೋದಕ್ಕೆ ಒಪ್ಪುತ್ತಿರಲಿಲ್ಲ. ಮಡಿ ಇರೋ ಮನೆಗಳಲ್ಲಿ ಮಣ್ಣಿನ ಪಾತ್ರೆಗೆ ಒಮ್ಮೆ ಮೈಲಿಗೆ ಅಂಟಿದರೆ ಹೋಗೋದಿಲ್ಲ, ಒಡೆದು ಎಸೀಬೇಕು ಅನ್ನೋ ನಂಬಿಕೆ. ಊಟಕ್ಕೆ ಬಾಳೆ ಎಲೆ, ಕಂಚಿನ ತಟ್ಟೆ. ಕಪ್ಪು-ಸಾಸರ್ ಬಂದರೂ ಅದು ಜಗುಲಿಗೆ ಬರೋ ಸರಕಾರಿ ನೌಕರರಿಗೆ, ಒಳಗಿನವರಿಗಲ್ಲ. ಆದರೆ ಭರಣಿ? ಅದು ಸೀದಾ ಒಳಗೆ ಹೋಗಿ ನಾಗಂದಿಗೆ ಹತ್ತಿ ಕೂತಿತು. ಮೈಲಿಗೆಯಾದ ಹೆಂಗಸರು ಮುಟ್ಟಬಾರದು ಅಂತ ಅದಕ್ಕೇ ಮಡಿ ಕಟ್ಟಿದರು. ಹೊರಗಿನಿಂದ ಬಂದದ್ದು ಅಷ್ಟು ಒಳಗೆ ಹೋದ ಮೇಲೆ ಹೊರಗಿನದು ಅಂತ ಯಾರಿಗೂ ನೆನಪಿರೋದಿಲ್ಲ.

ಹೆಸರೇ ಹೇಳುತ್ತೆ ನೋಡಿ. 'ಪಿಂಗಾಣಿ' ಅನ್ನೋ ಪದದ ಮೂಲ ಪರ್ಷಿಯನ್ನಿನ 'ಪಿಂಗಾನ್', ಅಂದರೆ ಬಟ್ಟಲು. ಅದೇ ಅರಬ್ಬಿಗೆ ಹೋಗಿ 'ಫಿಂಜಾನ್' ಆಯ್ತು. ದುಬೈನಲ್ಲಿ ಕೆಲಸ ಮಾಡೋ ಭಟ್ಕಳದ ಹುಡುಗ ಕಾಫಿ ಕುಡಿಯೋ ಪುಟ್ಟ ಫಿಂಜಾನೂ, ಅವನ ಪಕ್ಕದ ಮನೆಯಲ್ಲಿ ಉಪ್ಪಿನಕಾಯಿ ಇರೋ ಪಿಂಗಾಣಿಯೂ ಒಂದೇ ತಾಯಿಯ ಮಕ್ಕಳು. ಭಟ್ಕಳಕ್ಕೆ, ಹೊನ್ನಾವರಕ್ಕೆ ಕುದುರೆ ಬರುತ್ತಿದ್ದಿದ್ದು ಅರಬ್ ಮತ್ತು ಪರ್ಷಿಯಾದ ಕಡೆಯಿಂದ, ವಿಜಯನಗರಕ್ಕೆ ಅಂತ. ಚೀನಾದ ನೀಲಿ-ಬಿಳಿ ಪಿಂಗಾಣಿಯ ನೀಲಿ ಕೂಡ ಮೊದಮೊದಲು ಪರ್ಷಿಯಾದಿಂದ ಹೋದ ಕೋಬಾಲ್ಟ್.

ಬೆಳ್ಳಿಯ ವಿಷಯಕ್ಕೆ ಬರ್ತೀನಿ, ಅತ್ತೆಯ ಮೆಸೇಜಿನಲ್ಲಿ ಅದೂ ಇತ್ತಲ್ಲ. ಇವತ್ತಿನ ಬೊಲಿವಿಯಾದ ಪೊಟೋಸಿ ಗಣಿ, ಮೆಕ್ಸಿಕೋದ ಗಣಿಗಳಿಂದ ತೆಗೆದ ಬೆಳ್ಳಿ ಸ್ಪೇನಿನ ರಿಯಾಲ್ ನಾಣ್ಯವಾಗಿ ಜಗತ್ತು ಸುತ್ತಿ, ಕಾಳುಮೆಣಸು ಮತ್ತು ಬಟ್ಟೆ ಕೊಳ್ಳೋದಕ್ಕೆ ಭಾರತದ ಕರಾವಳಿಗೆ ಬಂತು. ಆ ನಾಣ್ಯ ಎಲ್ಲಿ ಹೋದವು? ಅಕ್ಕಸಾಲಿಗನ ಕುಲುಮೆಗೆ. ಹರಿವಾಣ, ಪಂಚಪಾತ್ರೆ, ಪನ್ನೀರುದಾನಿ, ಕುಂಕುಮ ಭರಣಿ, ಕವಳದ ತಟ್ಟೆ. ಆಮೇಲೆ ಮಗಳ ಮದುವೆಗೆ ಹರಿವಾಣ ಕರಗಿಸಿ ಕಾಲ್ಗೆಜ್ಜೆ, ಮೊಮ್ಮಗಳಿಗೆ ಗೆಜ್ಜೆ ಕರಗಿಸಿ ದೀಪ. ಹೀಗಾಗಿ 300 ವರ್ಷದ ಬೆಳ್ಳಿ ನಿಮ್ಮ ಮನೆಯಲ್ಲೇ ಇರಬಹುದು, 300 ವರ್ಷದ ಬೆಳ್ಳಿ ಪಾತ್ರೆ ಇರೋದು ಅಪರೂಪ. ಪಿಂಗಾಣಿಯದು ಉಲ್ಟಾ. ಬಿದ್ದರೆ ಒಡೆಯುತ್ತೆ, ಆದರೆ ಅದನ್ನು ಕರಗಿಸಿ ಇನ್ನೊಂದು ಮಾಡೋಕಾಗೋದಿಲ್ಲ. ಮಿರ್ಜಾನದಲ್ಲಿ ಚೂರು ಉಳಿದದ್ದು ಅದಕ್ಕೇ.

ಇನ್ನು ಸಂಗ್ರಹಕಾರರ ಲೋಕ. ಇಲ್ಲಿ ಸ್ವಲ್ಪ ನಗು ಇದೆ, ಸ್ವಲ್ಪ ಅಸಹ್ಯವೂ ಇದೆ.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯ್ತು. ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು, ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾಕ್ಕೆ ಬಂದವು, ಒಂದು ಜಾತಿಯ ಹತ್ತಿಗೆ ಲೋಕದ ಮಾರುಕಟ್ಟೆಯಲ್ಲಿ 'ಕುಮಟಾ' ಅಂತಲೇ ಹೆಸರಾಯ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಸಾಹೇಬರು ಬಂದರು. ಆ ಕಾಲದ ಸಾಹೇಬರ ಮಲಗೋ ಕೋಣೆ ಅಂದರೆ ಒಂದು ಸೆಟ್ಟು ಇರಲೇಬೇಕು: ನೀರಿನ ಹೂಜಿ, ದೊಡ್ಡ ಬೋಗುಣಿ, ಸೋಪಿನ ಡಬ್ಬಿ, ಮತ್ತೆ ಅದೇ ಹೂವಿನ ಚಿತ್ರದ, ಒಂದು ಹಿಡಿಕೆಯ, ಅಗಲ ಬಾಯಿಯ ಪಾತ್ರೆ. ಅದು ಮಂಚದ ಕೆಳಗೆ ಇರೋದು. ಚೇಂಬರ್ ಪಾಟ್. ರಾತ್ರಿ ಎದ್ದು ಹೊರಗೆ ಹೋಗದೆ ಅದರಲ್ಲೇ ಮುಗಿಸೋದಕ್ಕೆ.

ಇದನ್ನು ಸಂಗ್ರಹಿಸೋ ಜನ ಪ್ರಪಂಚದಲ್ಲಿ ಬಹಳ ಇದ್ದಾರೆ. ಫ್ರಾನ್ಸಿನಲ್ಲಿ ದೋಣಿಯಾಕಾರದ ಒಂದು ಚಂದದ ಪಾತ್ರೆಗೆ 'ಬುರ್ದಲೂ' ಅಂತ ಹೆಸರು. 17ನೇ ಶತಮಾನದ ಪಾದ್ರಿ ಲೂಯಿ ಬುರ್ದಲೂ ಅವರ ಉಪದೇಶ ಎಷ್ಟು ಉದ್ದ ಅಂದರೆ, ದೊಡ್ಡ ಮನೆತನದ ಹೆಂಗಸರು ಅದನ್ನು ಲಂಗದೊಳಗೆ ಇಟ್ಟುಕೊಂಡೇ ಚರ್ಚಿಗೆ ಬರ್ತಿದ್ದರು ಅನ್ನೋ ಕಥೆ ಅದಕ್ಕೆ ಅಂಟಿದೆ. ನೋಡೋಕೆ ಸಾರಿನ ಬಟ್ಟಲಿನ ಹಾಗೇ ಇರೋದರಿಂದ ಆಮೇಲಿನವರು ಅದರಲ್ಲಿ ಗ್ರೇವಿ ಬಡಿಸಿದ್ದೂ ಉಂಟಂತೆ. ಡಚ್ಚರ ಹಡಗು ಗೆಲ್ಡರ್‌ಮಾಲ್ಸೆನ್ ಚೀನಾದಿಂದ ಹೊರಟು 1752ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿತು. 1985ರಲ್ಲಿ ಅದರಿಂದ ಸುಮಾರು ಒಂದೂವರೆ ಲಕ್ಷ ಪಿಂಗಾಣಿ ಪಾತ್ರೆಗಳನ್ನು ಮೇಲೆತ್ತಿ, ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದರು. ಹಡಗಿನ ಪಟ್ಟಿಯಲ್ಲಿ ಚಹಾ ಬಟ್ಟಲು, ತಟ್ಟೆಗಳ ಜೊತೆ 'ವಾಂತಿ ಪಾತ್ರೆ'ಗಳೂ ಇದ್ದವು. ಆ ಹಡಗಿನ ಮುಖ್ಯ ಸರಕು ಪಿಂಗಾಣಿ ಅಲ್ಲ, ಚಹಾ ಎಲೆ. ಪಿಂಗಾಣಿ ಭಾರ, ನೀರು ತಾಗಿದರೂ ಕೆಡೋದಿಲ್ಲ, ಆದ್ದರಿಂದ ಹಡಗಿನ ತಳಕ್ಕೆ ತೂಕಕ್ಕೆ ಅಂತ ಪೇರಿಸುತ್ತಿದ್ದರು.

ನಗು ಇಷ್ಟು. ಮಂಚದ ಕೆಳಗಿನ ಆ ಹೂವಿನ ಪಾತ್ರೆಯನ್ನು ಬೆಳಿಗ್ಗೆ ಖಾಲಿ ಮಾಡುತ್ತಿದ್ದವರು ಯಾರು? ಇಂಗ್ಲೆಂಡಿನಲ್ಲಿ ಮನೆಗೆಲಸದ ಹುಡುಗಿ. ನಮ್ಮಲ್ಲಿ ಅದಕ್ಕೆ ಒಂದು ಜಾತಿಯನ್ನೇ ಇಟ್ಟಿದ್ದರು. ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದ ಹೋಗಬೇಕು. 1970ರ ದಶಕದಲ್ಲಿ ಕರ್ನಾಟಕದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರೋದನ್ನು ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಬೇಕಾಯ್ತು. ಒಂದು ಹೋಮ್‌ಸ್ಟೇಯಲ್ಲಿ ಇಂಥ ಪಾತ್ರೆಯಲ್ಲಿ ಮನಿ ಪ್ಲಾಂಟ್ ಬೆಳೆಸಿದ್ದನ್ನು ನೋಡಿದೆ. ಚೆನ್ನಾಗೇ ಇತ್ತು. ಪಕ್ಕದಲ್ಲಿ 'ವಿಂಟೇಜ್' ಅಂತ ಒಂದು ಚೀಟಿ. ಆ ಚೀಟಿಯಲ್ಲಿ ಇನ್ನೊಂದು ಸಾಲು ಬೇಕಿತ್ತು ಅನ್ನಿಸಿತು.

ಸಂಗ್ರಹ ಮಾಡೋದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಸಂಗ್ರಹ ಮಾಡಿದವರಿಂದಲೇ ಉಳಿದದ್ದು ಬಹಳ ಇದೆ. ಮಣಿಪಾಲದ ವಿಜಯನಾಥ ಶೆಣೈ ಅವರನ್ನು ನೋಡಿ. ಬ್ಯಾಂಕ್ ನೌಕರರಾಗಿದ್ದವರು. ಕರಾವಳಿಯಲ್ಲಿ ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟೋ ಹುಚ್ಚು ಹತ್ತಿದ ಕಾಲದಲ್ಲಿ ಅವರು ಕಂಬ, ಬಾಗಿಲು, ಪಾತ್ರೆಪಗಡಿ ಕೂಡಿಸಿದರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು 'ಹಸ್ತಶಿಲ್ಪ' ಹೆರಿಟೇಜ್ ವಿಲೇಜ್‌ನಲ್ಲಿ ಮತ್ತೆ ಜೋಡಿಸಿದರು. ಅಲ್ಲಿ ಭಟ್ಕಳದ ನವಾಯತರ ಮನೆಯೂ ಒಂದಿದೆ. 2017ರಲ್ಲಿ ಶೆಣೈ ತೀರಿಕೊಂಡರು. ಅವರಿಗೂ ಫೋಟೋದಲ್ಲಿರೋ 'ಹಳೇ ಸಾಮಾನಿನವ'ನಿಗೂ ಇರೋ ವ್ಯತ್ಯಾಸ ದುಡ್ಡಿನದಲ್ಲ. ಅಲ್ಲಿ ನೀವು ಮನೆ ಮುಂದೆ ನಿಂತರೆ ಇದು ಯಾವ ಊರಿನದು, ಯಾರದು ಅಂತ ಗೊತ್ತಾಗುತ್ತೆ. ಹಳೇ ಸಾಮಾನಿನವನ ಗಾಡಿ ಹತ್ತಿದ ಭರಣಿ ಮುಂದಿನ ತಿಂಗಳು ಯಾವುದೋ ನಗರದ ಅಂಗಡಿಯಲ್ಲಿ 'ಚೆಟ್ಟಿನಾಡ್ ಜಾರ್' ಆಗಿರುತ್ತೆ. ಗ್ರಾಹಕ ಏನು ಕೇಳ್ತಾನೋ ಆ ಊರಿನದು. ಮಣ್ಣು ಅದೇ, ಮೆರುಗು ಅದೇ, ತದಡಿ ಮಾತ್ರ ಅಳಿಸಿಹೋಗಿರುತ್ತೆ.

ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಮೊದಲು ಕೆಳಗಿಳಿಸಿ, ಮಗುಚಿ ತಳ ನೋಡಿ. 'ಇಂಗ್ಲೆಂಡ್' ಅಂತ ಮುದ್ರೆ ಇದ್ದರೆ ಸಾಮಾನ್ಯವಾಗಿ 1891ರ ಈಚಿನದು. ಆ ವರ್ಷದಿಂದ ಅಮೆರಿಕ ತನ್ನ ಆಮದಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಕಾನೂನು ಮಾಡಿತು. 'ಜೆಕೊಸ್ಲೊವಾಕಿಯಾ' ಅಂತಿದ್ದರೆ 1918ಕ್ಕಿಂತ ಹಳೇದಾಗಲು ಸಾಧ್ಯವೇ ಇಲ್ಲ, ಆ ದೇಶ ಹುಟ್ಟಿದ್ದೇ ಆಗ. ಬಿಳಿ ಮೈ ಕಂದು ಕುತ್ತಿಗೆಯವು ಹೆಚ್ಚಾಗಿ ಉತ್ತರ ಪ್ರದೇಶದ ಖುರ್ಜಾದ ಕಡೆಯವು, ಅವಕ್ಕೆ ದೊಡ್ಡ ಬೆಲೆ ನಿರೀಕ್ಷಿಸಬೇಡಿ. ಮುದ್ರೆಯೇ ಇಲ್ಲದ, ತಳಕ್ಕೆ ಮೆರುಗು ಹಚ್ಚದ, ಕಿವಿ ಇರೋ ದೊಡ್ಡ ಜಾಡಿ ಇದ್ದರೆ ಅವಸರ ಮಾಡಬೇಡಿ. ಐತಿಹಾಸಿಕ ಮಹತ್ವದ, 100 ವರ್ಷ ದಾಟಿದ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಅದರ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಾಚೆ ಸಾಗಿಸೋ ಹಾಗೇ ಇಲ್ಲ. ಮಿರ್ಜಾನಕ್ಕೆ ಹೋದಾಗ ನೀಲಿ ಚೂರು ಕಂಡರೆ ಫೋಟೋ ತೆಗೀರಿ, ಜೇಬಿಗೆ ಹಾಕಬೇಡಿ. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ: ಯಾರು ತಂದದ್ದು, ಎಲ್ಲಿ ಇರುತ್ತಿತ್ತು, ಒಳಗೆ ಏನು ಹಾಕುತ್ತಿದ್ದರು.

ಅತ್ತೆಗೆ ನಾನು ಫೋನ್ ಮಾಡಿದಾಗ ಎರಡು ಚಿಕ್ಕ ಭರಣಿ ಹೋಗಿದ್ದವು. ಬೆಳ್ಳಿ ಬಟ್ಟಲೂ ಹೋಗಿತ್ತು. ಅವನು ತೂಕಕ್ಕೆ ಹಾಕಿ ದುಡ್ಡು ಕೊಟ್ಟನಂತೆ, ಅಜ್ಜಿಯ ಹೆಸರಿನ ಅಕ್ಷರ ಕೊರೆದದ್ದಕ್ಕೆ ಬೆಲೆ ಇಲ್ಲ ಅಂದನಂತೆ. ಬಟ್ಟಲಿನಲ್ಲಿ ಆ ಅಕ್ಷರ ಇತ್ತು ಅನ್ನೋದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

"ದೊಡ್ಡ ಭರಣಿ?" ಅಂದೆ.

"ಅದನ್ನ ಹೆಂಗೆ ಕೊಡೂದು ಮಾರಾಯ, ಅದ್ರಲ್ಲಿ ಈ ವರ್ಷದ ಮಿಡಿ ಇದೆ. ಖಾಲಿ ಆದ್ಮೇಲೆ ಬಾ ಅಂದೆ."

ಮಿಡಿ ಖಾಲಿಯಾಗೋದಕ್ಕೆ ಇನ್ನೂ ಏಳೆಂಟು ತಿಂಗಳಿದೆ. ಮುಂದಿನ ವಾರ ನಾನು ತದಡಿಗೆ ಹೋಗ್ತಾ ಇದ್ದೀನಿ, ರೆಕಾರ್ಡರ್ ತಗೊಂಡು.